ವಾಟ್ಸನ್ ಹೋಟೆಲಿನ ಕಬ್ಬಿಣವನ್ನಾದರೂ ಉಳಿಸಿ

ಮಾನ್ಯ ಸಂಪಾದಕರೇ,

ಮುಂಬೈಯ ತಾಜ್ ಹೋಟೆಲ್ ಬಗ್ಗೆ ಯಾರೇ ಬರೆಯಲಿ, ಒಂದು ಕತೆ ತಪ್ಪದೆ ಬರುತ್ತದೆ. ಜಮ್‌ಶೇಟ್‌ಜಿ ಟಾಟಾ ಅವರನ್ನು ವಾಟ್ಸನ್ ಹೋಟೆಲಿನ ಬಾಗಿಲಲ್ಲೇ ತಡೆದರಂತೆ, ಆ ಅವಮಾನಕ್ಕೆ ಉತ್ತರವಾಗಿ ಅವರು 1903ರಲ್ಲಿ ತಾಜ್ ತೆರೆದರಂತೆ. ಕತೆ ಚೆನ್ನಾಗಿದೆ. ಆದರೆ ಅದಕ್ಕೆ ಗಟ್ಟಿ ಪುರಾವೆ ಯಾರೂ ತೋರಿಸಿಲ್ಲ. ವಾಟ್ಸನ್ ಬಿಳಿಯರ ಹೋಟೆಲಾಗಿತ್ತು, ಅದನ್ನು ಮುಚ್ಚಿಡುವುದು ಬೇಡ. ನನ್ನ ಬೇಸರ ಬೇರೆ. ತಾಜ್ ಕತೆಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಆ ಕಟ್ಟಡಕ್ಕೆ ತನ್ನದೇ ದೊಡ್ಡ ಚರಿತ್ರೆ ಇದೆ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕಾಲಾ ಘೋಡಾದಲ್ಲಿ, ಡೇವಿಡ್ ಸಸೂನ್ ಗ್ರಂಥಾಲಯಕ್ಕೆ ಹತ್ತಿರದಲ್ಲೇ ಇದೆ ಈ ಕಟ್ಟಡ. ಈಗಿನ ಹೆಸರು ಎಸ್ಪ್ಲನೇಡ್ ಮ್ಯಾನ್ಶನ್. ಸುತ್ತ ಎಲ್ಲವೂ ಕಲ್ಲಿನ ಕಟ್ಟಡಗಳು. ಇದರ ಕಂಬವೂ ಕಲ್ಲಿನದೇ ಅಂದುಕೊಂಡು ಬೆರಳಿಂದ ತಟ್ಟಿದರೆ ಕೈಗೆ ತಾಗುವುದು ತಣ್ಣನೆಯ ಕಬ್ಬಿಣ. ಪದರ ಪದರವಾಗಿ ಬಳಿದ ಬಣ್ಣ ಎದ್ದಿರುವ ಕಡೆ ತುಕ್ಕು ಇಣುಕುತ್ತದೆ.

ಜಾನ್ ವಾಟ್ಸನ್ ಅನ್ನುವ ಬಟ್ಟೆ ವ್ಯಾಪಾರಿ ಇದನ್ನು ಕಟ್ಟಿಸಿದ್ದು. ಹಳೆಯ ಕೋಟೆ ಗೋಡೆ ಒಡೆದ ಮೇಲೆ ಖಾಲಿಯಾದ ಜಾಗದಲ್ಲಿ ಹೊಸ ಬೊಂಬಾಯಿ ಎದ್ದು ನಿಲ್ಲುತ್ತಿದ್ದ ಕಾಲ ಅದು. ನಕ್ಷೆ ಮಾಡಿದವರು ರೋಲೆಂಡ್ ಮೇಸನ್ ಆರ್ಡಿಶ್, ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ದೊಡ್ಡ ಚಾವಣಿಯಲ್ಲೂ ಕೈಯಿದ್ದ ಎಂಜಿನಿಯರ್. ಕಂಬ, ತೊಲೆ ಎಲ್ಲವನ್ನೂ ಇಂಗ್ಲೆಂಡಿನಲ್ಲೇ ಎರಕ ಹೊಯ್ದು, ಬಿಡಿಬಿಡಿಯಾಗಿ ಹಡಗಿಗೆ ಏರಿಸಿ ತಂದು, 1867ರಿಂದ 1869ರ ನಡುವೆ ಇಲ್ಲಿ ಜೋಡಿಸಿದರು. ಭಾರ ಹೊರುವುದು ಗೋಡೆ ಅಲ್ಲ, ಕಬ್ಬಿಣದ ಚೌಕಟ್ಟು. ಇಂದು ಬೆಂಗಳೂರಲ್ಲಿ ಏಳುವ ಅಪಾರ್ಟ್‌ಮೆಂಟಿಗೂ ಇದೇ ಸೂತ್ರ ಅಲ್ವಾ? ಮೊದಲ ಗಗನಚುಂಬಿ ಅಂತ ಹೆಸರಾದ ಷಿಕಾಗೋದ ಹೋಮ್ ಇನ್ಶೂರೆನ್ಸ್ ಕಟ್ಟಡ ಬಂದಿದ್ದು 1885ರಲ್ಲಿ. ಅದನ್ನು 1931ರಲ್ಲೇ ಕೆಡವಿಬಿಟ್ಟರು. ವಾಟ್ಸನ್ ಇನ್ನೂ ನಿಂತಿದೆ.

ಐದು ಅಂತಸ್ತು, 130 ಕೋಣೆ, ನಡುವೆ ಗಾಜಿನ ಚಾವಣಿಯ ದೊಡ್ಡ ಹಜಾರ. 1896ರ ಶುರುವಿನಲ್ಲಿ ಮಾರ್ಕ್ ಟ್ವೇನ್ ಇಲ್ಲಿ ತಂಗಿದ್ದರು, ಬಾಲ್ಕನಿಗೆ ಬರುತ್ತಿದ್ದ ಕಾಗೆಗಳ ಗಲಾಟೆ ಬಗ್ಗೆ ಬರೆದಿದ್ದಾರೆ. ಅದೇ ವರ್ಷ ಜುಲೈ 7ರಂದು ಲೂಮಿಯೇ ಸಹೋದರರ ಚಲಿಸುವ ಚಿತ್ರಗಳನ್ನು ಇಲ್ಲಿ ತೋರಿಸಿದರು. ಟಿಕೆಟ್ ಒಂದು ರೂಪಾಯಿ. ಒಂದು ವಾರದ ಮೇಲೆ ಆಟ ನಾವೆಲ್ಟಿ ಥಿಯೇಟರಿಗೆ ಹೋಯಿತು. ಅಲ್ಲಿ ನಾಲ್ಕಾಣೆ ಟಿಕೆಟ್ಟೂ ಇತ್ತು, ಪರದೆ ಪಾಲಿಸುವ ಹೆಂಗಸರಿಗೆ ಬೇರೆ ಬಾಕ್ಸೂ ಇತ್ತು. ನಮ್ಮ ಜನಸಾಮಾನ್ಯರು ಸಿನಿಮಾ ನೋಡಿದ್ದು ಅಲ್ಲಿಯೇ ಇರಬೇಕು. ಆದರೂ ಈ ದೇಶದಲ್ಲಿ ಸಿನಿಮಾದ ಬೆಳಕು ಮೊದಲು ಬಿದ್ದದ್ದು ವಾಟ್ಸನ್ ಹೋಟೆಲಿನ ಗೋಡೆಯೊಳಗೆ. ಸಿನಿಮಾ ಅಂದರೆ ಜೀವ ಬಿಡುವ ಕನ್ನಡಿಗರಿಗೂ ಇದು ಸಂಬಂಧವಿಲ್ಲದ ಊರಿನ ಸುದ್ದಿಯಲ್ಲ.

ತಾಜ್ ಬಂದ ಮೇಲೆ ವಾಟ್ಸನ್ ಕಳೆಗುಂದಿತು. ಹೋಟೆಲ್ ಮುಚ್ಚಿದ ಮೇಲೆ ದೊಡ್ಡ ಕೋಣೆಗಳಿಗೆ ಅಡ್ಡಗೋಡೆ ಎದ್ದವು. ಕೋರ್ಟ್ ಹತ್ತಿರವಾದ್ದರಿಂದ ವಕೀಲರ ಕಚೇರಿಗಳು ತುಂಬಿಕೊಂಡವು, ಮನೆಗಳೂ ಆದವು. ಬಾಡಿಗೆ ಕಾಯ್ದೆಯಿಂದಾಗಿ ಬಾಡಿಗೆ ಏರಲೇ ಇಲ್ಲ, ಮಾಲೀಕರಿಗೆ ರಿಪೇರಿ ಮಾಡಿಸುವ ಮನಸ್ಸು ಬರಲಿಲ್ಲ. ಹಳೆಯ ಮುಂಬೈಯ ನೂರಾರು ಕಟ್ಟಡಗಳ ಪಾಡು ಇದೇ. ಜೊತೆಗೆ ಸಮುದ್ರದ ಉಪ್ಪುಗಾಳಿ. 2005ರಲ್ಲಿ ಒಂದು ಭಾಗ ಕುಸಿದು ಒಬ್ಬರ ಜೀವ ಹೋಯಿತು. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರ ಒತ್ತಾಸೆಯಿಂದ ಸ್ಮಾರಕಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಜಗತ್ತಿನ 100 ಅಪಾಯದ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಕಟ್ಟಡ ಖಾಲಿ ಮಾಡಿಸಿದರು. ದುರಸ್ತಿ ಕಷ್ಟ, ಕೆಡವುವುದೇ ಮೇಲು ಎಂದು ಐಐಟಿ ಬಾಂಬೆ ವರದಿ ಕೊಟ್ಟಿತು. ಪರಂಪರೆ ಕಾಪಾಡುವವರು ಒಪ್ಪಲಿಲ್ಲ.

ಒಳಗಿದ್ದವರ ಜೀವ ದೊಡ್ಡದು, ಖಾಲಿ ಮಾಡಿಸಿದ್ದು ಸರಿ. ಆದರೆ ಖಾಲಿ ಕಟ್ಟಡವನ್ನು ಯಾಕೆ ಕೆಡವಬೇಕು? ಕೊಳೆತ ಮರದ ನೆಲ ತೆಗೆಯಿರಿ, ಆಮೇಲೆ ಸೇರಿಸಿದ ಅಡ್ಡಗೋಡೆ ತೆಗೆಯಿರಿ, ಬೇಕಾದರೆ ಹಳೆಯ ಇಟ್ಟಿಗೆಯನ್ನೂ ಬದಲಿಸಿ. ಬಿಡಿಬಿಡಿಯಾಗಿ ತಂದು ಜೋಡಿಸಿದ ಚೌಕಟ್ಟು ಅದು, ಹಾಳಾದ ಭಾಗವನ್ನು ಬಿಚ್ಚಿ ಸರಿ ಮಾಡುವ ದಾರಿಯನ್ನು ಮೊದಲು ಹುಡುಕಬೇಕು. ಪ್ಯಾರಿಸ್ ಹತ್ತಿರದ ನ್ವಾಸಿಯೆಲ್‌ನಲ್ಲಿ ಇದೇ ಕಾಲದ, ಕಬ್ಬಿಣದ ಚೌಕಟ್ಟಿನ ಮೆನಿಯೇ ಚಾಕೊಲೇಟ್ ಕಾರ್ಖಾನೆಯನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ.

ಈ ಕಟ್ಟಡ ಇರುವ ಫೋರ್ಟ್ ಭಾಗದಲ್ಲಿ ಹಗಲು ದುಡಿದು, ರಾತ್ರಿಶಾಲೆಯಲ್ಲಿ ಓದಿ ಬೆಳೆದ ಕನ್ನಡಿಗರು ಎಷ್ಟೋ ಮಂದಿ. ಮುಂಬೈಯ ಕನ್ನಡ ಸಂಘಗಳು ಈ ವಿಷಯದಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಂದು ಮನವಿ ಕೊಡಲಿ. ನಿಮ್ಮ ಪತ್ರಿಕೆ ಮುಂದಿನ ಸಲ ತಾಜ್ ಬಗ್ಗೆ ಬರೆಯುವಾಗ ಪಕ್ಕದಲ್ಲಿ ವಾಟ್ಸನ್ ಹೋಟೆಲಿನ ಇಂದಿನ ಫೋಟೋ ಒಂದನ್ನು ದಯವಿಟ್ಟು ಹಾಕಿ.

ಇಂತಿ,
ಒಬ್ಬ ಓದುಗ, ಡೊಂಬಿವಲಿ