ಕಪ್ಪತಗುಡ್ಡ: ಬೆಂಕಿರೇಖೆ ಡಿಸೆಂಬರಿನಲ್ಲೇ ಆಗಲಿ

ಮಾನ್ಯರೇ,

ಮಳೆ ಒಮ್ಮೆಲೇ ಸುರಿದು ಹುಲ್ಲು ಎತ್ತರ ಬೆಳೆಯುತ್ತದೆ, ಹಿಂದೆಯೇ ತಿಂಗಳುಗಟ್ಟಲೆ ಒಣಹವೆ. 2019ರಲ್ಲಿ ವನ್ಯಜೀವಿಧಾಮವಾದ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಇದರಿಂದಲೇ ಕಾಡ್ಗಿಚ್ಚಿನ ದೊಡ್ಡ ಅಪಾಯ. ಹವಾಮಾನ ಬದಲಾವಣೆ ಎದುರಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅರಣ್ಯ ನಿರ್ವಾಹಕರಿಗೆ ಕೊಟ್ಟ ಮಾರ್ಗಸೂಚಿ ಕಡ್ಡಾಯವಲ್ಲ. ಆದರೂ ಹಾನಿಯನ್ನು ಮೊದಲೇ ಅಂದಾಜಿಸಿ ಕಾರ್ಯಯೋಜನೆಯಲ್ಲೇ ಸೇರಿಸಿರಿ ಎಂಬ ಅದರ ಮಾತು ನಮಗೆ ನೇರವಾಗಿ ಒಪ್ಪುತ್ತದೆ.

ಬೆಂಕಿರೇಖೆ ಎಂದರೆ ಕಿಚ್ಚು ಹರಡದಂತೆ ಹುಲ್ಲು ತೆಗೆದು ಬೋಳು ಮಾಡುವ ಪಟ್ಟಿ. ಅಲ್ಲಿಯ ಹುಲ್ಲನ್ನು ಅದು ಅರೆಹಸಿ ಇರುವಾಗಲೇ, ಡಿಸೆಂಬರಿನಲ್ಲಿ ಕೊಯ್ಯಬೇಕು. ಒಣಗಿದ ಬಳಿಕ ಗಾಳಿ ಇಲ್ಲದ ಹೊತ್ತು ನೋಡಿ, ನೀರು, ಹಸಿ ಸೊಪ್ಪು ಹಿಡಿದ ಜನರನ್ನು ಎರಡೂ ಅಂಚಿಗೆ ನಿಲ್ಲಿಸಿ ಸುಡಬೇಕು. ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟರೆ ಬೆಂಕಿ ರೇಖೆ ದಾಟಲು ಅದೇ ದಾರಿ. ಫೆಬ್ರುವರಿ ಕೊನೆಗೆ ತಳ್ಳಿದರೆ ರೇಖೆಗೆ ಹಚ್ಚಿದ ಕಿಚ್ಚೇ ಕಾಡಿಗೆ ನುಗ್ಗೀತು. ಕಿಚ್ಚು ಏರಿನತ್ತ ಬಲು ವೇಗವಾಗಿ ಓಡುವುದರಿಂದ ಕಡಿದಾದ ಇಳಿಜಾರಿನ ಮೇಲ್ತುದಿಯಲ್ಲಿ ರೇಖೆ ಅಗಲವಾಗಿರಲಿ.

ಕಾಡ್ಗಿಚ್ಚಿಗೆ ಸುಟ್ಟ ಜಾಗದಲ್ಲಿ ತಕ್ಷಣ ಗುಂಡಿ ತೋಡಿ ಸಸಿ ನೆಡುವ ಅವಸರ ಬೇಡ. ದಿಂಡಲ, ಮಶವಾಳದಂಥ ಗಿಡಗಳು ಬುಡದಿಂದ ಚಿಗುರುತ್ತವೆ. ತೊಗಟೆ ತುಸು ಕೆರೆದಾಗ ಹಸಿರು ಕಂಡರೆ ಗಿಡ ಜೀವಂತ. ಚಿಗುರು ದನ, ಕುರಿಗಳ ಬಾಯಿಗೆ ನಿಲುಕದಷ್ಟು ಬೆಳೆಯುವವರೆಗೆ ಅಲ್ಲಿ ಮೇಯಿಸಬಾರದು. ಇದಕ್ಕೆ ಕುರಿಗಾರರ ಒಪ್ಪಿಗೆ ಬೇಕು, ಬರೀ ಫಲಕ ನೆಟ್ಟರೆ ಸಾಲದು. ಮುಂಗಾರಿಗೆ ಮುಂಚೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಎತ್ತರದಲ್ಲಿ ಕಲ್ಲಿನ ತಡೆ ಹಾಕದಿದ್ದರೆ ಬೋಳು ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ.

ಅರಣ್ಯ ಇಲಾಖೆ ನವೆಂಬರಿನಲ್ಲೇ ಗ್ರಾಮ ಅರಣ್ಯ ಸಮಿತಿಗಳ ಸಭೆ ಕರೆದು, ಕಾವಲುಗಾರರ ಕೂಲಿಯನ್ನು ಬೇಸಿಗೆಗೆ ಮುಂಚೆಯೇ ಬಿಡುಗಡೆ ಮಾಡಲಿ.

– ಪರಿಸರಾಸಕ್ತರು, ಮುಂಡರಗಿ