8ನೇ ಲೇನಿನಲ್ಲಿ ನನ್ನ ಜೊತೆ ಬಂದವರಿಗೆ

ಕಳೆದ ಭಾನುವಾರ ಬೆಳಿಗ್ಗೆ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ 5 ಕಿಲೋಮೀಟರ್ ಓಡಿದೆ. ಎಲ್ಲೂ ನಿಲ್ಲಲಿಲ್ಲ, ನಡೆಯಲಿಲ್ಲ. 43 ನಿಮಿಷ ಹಿಡಿಯಿತು. ನನಗೀಗ 42 ವರ್ಷ. ಈ ಖುಷಿ ನನ್ನೊಬ್ಬಳದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿಯಲ್ಲಿ ಅಪ್ಪ ಹೋದರು. ಆಮೇಲೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಬೆಳಗಿನ ಜಾವ 4 ಗಂಟೆಗೇ ಎಚ್ಚರ. ಸುಮ್ನೆ ಮನೆಯಲ್ಲಿ ಕೂರಲಾಗದೆ ಕ್ರೀಡಾಂಗಣಕ್ಕೆ ಹೋಗತೊಡಗಿದೆ. ಒಂದು ದಿನ ಓಡೋಣ ಅನ್ನಿಸಿತು. ಅರ್ಧ ಸುತ್ತಿಗೇ ಪಕ್ಕೆ ಹಿಡಿಯಿತು. ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ.

ಆಗ ಹತ್ತಿರ ಬಂದವರು ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು. ಹೆಸರು ಹಾಕಬೇಡಮ್ಮ ಅಂದಿದ್ದಾರೆ. ಯಾಕೆ ಅಳ್ತಿದೀಯ ಅಂತ ಅವರು ಕೇಳಲಿಲ್ಲ. ನೀರು ಕೊಟ್ಟು, "ಜೋರಾಗಿ ಓಡಿದೆ, ಅಷ್ಟೇ. ನಿಧಾನಕ್ಕೆ ಓಡಬೇಕು" ಅಂದರು. ಮರುದಿನ ಲೆಕ್ಕ ಹೇಳಿಕೊಟ್ಟರು. 1 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೇ 20 ನಿಮಿಷ. ವಾರಕ್ಕೆ 3 ದಿನ. ಓಡಿ ಅಭ್ಯಾಸವೇ ಇಲ್ಲದವರನ್ನು 5 ಕಿಲೋಮೀಟರ್ ಓಟಕ್ಕೆ ತಯಾರು ಮಾಡುವ 'ಕೌಚ್ ಟು 5ಕೆ' ಅನ್ನುವ ಕ್ರಮ ಶುರುವಾಗುವುದೂ ಹೀಗೆಯೇ. ಅದು 9 ವಾರದ್ದು. ನನಗೆ 19 ವಾರ ಬೇಕಾಯಿತು. ಮೇಷ್ಟ್ರು ಒಂದು ದಿನವೂ ಅವಸರ ಮಾಡಲಿಲ್ಲ.

ವೇಗ ಸರಿ ಇದೆಯಾ ಅಂತ ನೋಡಲು ಅವರದೇ ಒಂದು ಉಪಾಯ. ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ "ಇವತ್ತು ತಿಂಡಿ ಏನಮ್ಮ?" ಅಂತ ಕೇಳುವುದು. ಏದುಸಿರಿಲ್ಲದೆ ಪೂರ್ತಿ ಹೇಳಿದರೆ ಸರಿ. "ಅಕ್ಕಿ..." ಅಂತ ಅಲ್ಲಿಗೇ ನಿಂತರೆ, ಸಾಕು ನಡಿ ಅಂತ ಕೈ ತೋರಿಸುವುದು. ಮೊದಲ ತಿಂಗಳು ನನ್ನ ಯಾವ ತಿಂಡಿಯ ಹೆಸರೂ ಪೂರ್ತಿಯಾಗಲಿಲ್ಲ.

ಒಳಗಿನ ಲೇನುಗಳಲ್ಲಿ ಅಭ್ಯಾಸ ಮಾಡುವ ಹುಡುಗಿಯರೇ, ನಿಮಗೂ ಥ್ಯಾಂಕ್ಸ್. ನಿಮಗೆ ಅಡ್ಡ ಬರಬಾರದು ಅಂತ ನಾನು ತೀರಾ ಹೊರಗಿನ 8ನೇ ಲೇನಿನಲ್ಲಿ ಓಡುತ್ತಿದ್ದೆ. ಸುತ್ತಿಗೆ 400 ಮೀಟರ್ ಅಂತಲೇ ಎಣಿಸುತ್ತಿದ್ದೆ. "ಆಂಟಿ, 400 ಇರೋದು ಒಂದನೇ ಲೇನು. ನಿಮ್ದು ಹತ್ತತ್ರ 453. ನೀವು ಜಾಸ್ತಿನೇ ಓಡ್ತಿದೀರ" ಅಂತ ನಿಮ್ಮಲ್ಲೊಬ್ಬಳು ನಿಂತು ಹೇಳಿದಳಲ್ಲ, ಅವತ್ತು ಮನೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ಹುರುಪಿನಲ್ಲಿ ದಿನಾ ಓಡಲು ಹೋಗಿ, ಮೊಣಕಾಲಿನ ಕೆಳಗೆ ಮುಂದಿನ ಮೂಳೆಯುದ್ದಕ್ಕೂ ನೋವು ಬರಿಸಿಕೊಂಡೆ. ಉಸಿರು ಬೇಗ ಪಳಗುತ್ತದೆ, ಮೂಳೆಗೆ ಟೈಮ್ ಬೇಕು ಅಂತ ತಿಳಿಸಿ ಹೇಳಿದ ಫಿಸಿಯೋ ಮೇಡಂಗೆ ನಾನು ಋಣಿ. 2 ವಾರ ಬರೀ ನಡೆದೆ.

ಇನ್ನು ನಮ್ಮ ಮನೆಯವರು. ಮಲೆನಾಡಿನ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ. ತುಂಗೆ ಉಕ್ಕಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿದ ವಾರವೂ ನಾನು 2 ದಿನ ಓಡಿದ್ದೇನೆ. ಶೂ ಮಾತ್ರ ಒಣಗುತ್ತಲೇ ಇರಲಿಲ್ಲ. ಬಚ್ಚಲ ಒಲೆ ಪಕ್ಕ ಇಟ್ಟರೆ ಅಂಟು ಬಿಡುತ್ತದೆ ಅಂತ ಇವರು ಹಳೆ ಪೇಪರ್ ಮುದ್ದೆ ಮಾಡಿ ಒಳಗೆ ತುರುಕುತ್ತಿದ್ದರು. ಮಲಗುವ ಮುಂಚೆ ಒಮ್ಮೆ ಬದಲಿಸುವುದು, ರಾತ್ರಿ ನೀರಿಗೆ ಎದ್ದಾಗ ಇನ್ನೊಮ್ಮೆ. ಒಂದು ಬೆಳಿಗ್ಗೆ ಕಸದ ಬುಟ್ಟಿಯಲ್ಲಿ ಆ ಮುದ್ದೆಗಳನ್ನು ನೋಡಿದೆ. ತೊಯ್ದು, ನನ್ನ ಪಾದದ ಆಕಾರಕ್ಕೇ ಗಟ್ಟಿಯಾಗಿದ್ದವು. ಇದನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ನಾನೂ ಥ್ಯಾಂಕ್ಸ್ ಹೇಳಿರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ ರೀ.

ಭಾನುವಾರ 8ನೇ ಲೇನಿನಲ್ಲಿ 11 ಸುತ್ತು, ಮೇಲೆ ಒಂಚೂರು. ಕೊನೆಯ ಸುತ್ತಿಗೆ ಮೇಷ್ಟ್ರು ಪಕ್ಕಕ್ಕೆ ಬಂದರು.

"ತಿಂಡಿ ಏನಮ್ಮ ಇವತ್ತು?"

"ಅಕ್ಕಿ ಕಡುಬು ಮೇಷ್ಟ್ರೇ, ಕಾಯಿ ಚಟ್ನಿ. ನಮ್ಮಪ್ಪನಿಗೆ ತುಂಬಾ ಇಷ್ಟ ಇತ್ತು. ನೀವೂ ಮನೆಗೆ ಬರಬೇಕು."

ಬಂದರು. 4 ಕಡುಬು ತಿಂದರು.