ಶಾಸಕರೇ, ನಿಮ್ಮ ಬ್ಯಾನರ್ ಪಕ್ಕ ಒಂದು ಕಪ್ಪೆಗೂ ಜಾಗ ಕೊಡಿ

ನಮಸ್ಕಾರ ಸಾರ್,

ನನ್ನ ಹೆಸರು ನಿಮಗೆ ಗೊತ್ತಿರಲ್ಲ, ಆದ್ರೆ ನನ್ನ ಕೆಲಸ ನೀವು ದಿನಾ ನೋಡ್ತೀರ. ಬಸ್ ಸ್ಟಾಪ್ ಹಿಂದೆ ಇರೋ ಜೆರಾಕ್ಸ್, ಡಿಟಿಪಿ ಅಂಗಡಿ ನಂದು. ಹೋದ ಸಲ ನಿಮ್ಮ ಹುಟ್ಟುಹಬ್ಬಕ್ಕೆ ಸರ್ಕಲ್ ಸುತ್ತ ಕಟ್ಟಿದ್ರಲ್ಲ "ಬಡವರ ಬಂಧು, ಕ್ಷೇತ್ರದ ಕಣ್ಮಣಿ" ಅಂತ, ಅದರ ಡಿಸೈನ್ ನಂದೇ. ಕೆಳಗೆ "ಶುಭ ಕೋರುವವರು" ಅಂತ 34 ಮುಖ, ಒಬ್ಬೊಬ್ಬರದೂ ಬ್ಯಾಕ್‌ಗ್ರೌಂಡ್ ಕಟ್ ಮಾಡಿ ಕೂರಿಸೋ ಹೊತ್ತಿಗೆ ರಾತ್ರಿ ಎರಡು ಗಂಟೆ, ಬೆಳಗ್ಗೆ ಆರಕ್ಕೇ ಫೋನು, ನನ್ನ ಮುಖ ಅವನ ಮುಖಕ್ಕಿಂತ ಚಿಕ್ಕದಾಗಿದೆ ಅಂತ. ದುಡ್ಡು ಬಂತು ಬಿಡಿ, ಈ ಪತ್ರ ಅದಕ್ಕಲ್ಲ.

ಹೋದ ತಿಂಗಳು ಒಂದಿನ ಜೋರು ಮಳೆ, ಅಂಗಡೀಲಿ ಯಾರೂ ಇಲ್ಲ, ನಮ್ಮ ಸರ್ಕಾರಿ ಹೈಸ್ಕೂಲಿನ ಎಂಟನೇ ಕ್ಲಾಸ್ ಹುಡುಗಿ ಬ್ಯಾಗ್ ತಲೆ ಮೇಲೆ ಹಿಡ್ಕೊಂಡು ಓಡಿ ಬಂದ್ಲು. "ಆಂಟಿ, ವಿಜ್ಞಾನದಲ್ಲಿ ಹೊಸ ಸಂಶೋಧನೆ ಅಂತ ಪ್ರಾಜೆಕ್ಟು, ನಾಲ್ಕು ಪೇಜ್ ತೆಗೆದುಕೊಡಿ, ಕಲರ್ ಬೇಡ, ಇಪ್ಪತ್ತೇ ರೂಪಾಯಿ ಇರೋದು" ಅಂದ್ಲು. ಇಂತಾ ಪ್ರಾಜೆಕ್ಟು ದಿನಕ್ಕೆ ಹತ್ತು ಮಾಡ್ತೀನಿ ಸಾರ್, ಇಂಗ್ಲಿಷಲ್ಲಿ ಸರ್ಚ್ ಕೊಡೋದು, ಮೇಲೆ ಬಂದಿದ್ದನ್ನ ಪ್ರಿಂಟ್ ಹೊಡೆಯೋದು, ಪಿನ್ ಮಾಡೋದು. ಅವತ್ತು ಸುಮ್ನೆ ಕೇಳಿದೆ, ಇದನ್ನ ಓದ್ತೀಯೇನೇ ಅಂತ. "ಇಲ್ಲ ಆಂಟಿ, ಫೈಲಿಗೆ ಅಂಟಿಸ್ತೀನಿ" ಅಂದ್ಲು. ಸುಳ್ಳು ಹೇಳಲಿಲ್ಲ ಪಾಪ. ಮಳೆ ನಿಲ್ಲೋವರೆಗೂ ಕೂತ್ಕೋ, ಇಬ್ರೂ ಹುಡುಕೋಣ ಅಂತ ಸ್ಟೂಲ್ ಹಾಕಿಕೊಟ್ಟೆ. ನಾನು ಓದಿದ್ದು ಪಿಯುಸಿ ಸೈನ್ಸ್, ಅಲ್ಲಿಗೇ ನಿಂತೋಯ್ತು, ಆದ್ರೂ ಆಸೆ ಹೋಗಿಲ್ಲ ನೋಡಿ.

ಮೊದಲು ಸಿಕ್ಕಿದ್ದು ಕಪ್ಪೆ. 2023ರ ಜೂನಲ್ಲಿ ಕಾರ್ಕಳದ ಹತ್ರ, ಕುದುರೆಮುಖದ ಬುಡದಲ್ಲಿ, ರಸ್ತೆ ಪಕ್ಕದ ಮಳೆನೀರಿನ ಗುಂಡೀಲಿ ಒಂದಿಷ್ಟು ಕಪ್ಪೆ ಕೂತಿದ್ವಂತೆ, ನೋಡೋಕೆ ಹೋದವರಿಗೆ ಅದ್ರಲ್ಲಿ ಒಂದರ ಮೈ ಪಕ್ಕದಲ್ಲಿ ಏನೋ ಎದ್ದು ನಿಂತಿರೋದು ಕಾಣಿಸ್ತು. ಅಣಬೆ ಸಾರ್! ಜೀವಂತ ಕಪ್ಪೆ ಮೈಮೇಲೆ ಅಣಬೆ. ಕಪ್ಪೆ ಮಾತ್ರ ಏನೂ ಆಗಿಲ್ಲ ಅನ್ನೋ ಥರ ಆರಾಮಾಗಿ ಕೂತಿದೆ. ಫೋಟೋ ನೋಡಿ ಗೊತ್ತಿರೋರು ಹೇಳಿದ್ದು, ಇದು ಮೈಸೀನಾ ಅನ್ನೋ ಜಾತಿ, ಸಾಮಾನ್ಯವಾಗಿ ಕೊಳೆತ ಮರದ ಮೇಲೆ ಬರುತ್ತೆ, ಬದುಕಿರೋ ಕಪ್ಪೆ ಮೇಲೆ ಅಣಬೆ ಎದ್ದಿದ್ದನ್ನ ಇದಕ್ಕೆ ಮುಂಚೆ ಯಾರೂ ದಾಖಲೆ ಮಾಡಿರಲಿಲ್ಲ ಅಂತ. ಅದನ್ನ ಹಿಡ್ಕೊಂಡೂ ಹೋಗಲಿಲ್ಲ, ಫೋಟೋ ತೆಗೆದು ಅಲ್ಲೇ ಬಿಟ್ಟು ಬಂದ್ರು, ಹಾಗಾಗಿ ಅದು ಹ್ಯಾಗೆ ಬಂತು, ಆಮೇಲೆ ಏನಾಯ್ತು ಅನ್ನೋದು ಇವತ್ತಿಗೂ ಗೊತ್ತಿಲ್ಲ. ಹುಡುಗಿ ಐದು ನಿಮಿಷ ಸ್ಕ್ರೀನ್ ಬಿಟ್ಟು ಕಣ್ಣು ತೆಗೀಲಿಲ್ಲ. ಆಮೇಲೆ ಕೇಳಿದ್ದು, "ಕಾರ್ಕಳ ಅಂದ್ರೆ ನಮ್ಮ ಕರ್ನಾಟಕಾನೇ ಅಲ್ವಾ ಆಂಟಿ?"

ಆ ಒಂದು ಪ್ರಶ್ನೆಗೇ ನಾನು ನಿಮಗೆ ಬರೀತಿರೋದು. ಆ ಮಗೂಗೆ ಸೈನ್ಸ್ ಅಂದ್ರೆ ನಾಸಾ, ಅಮೆರಿಕಾ, ಇಂಗ್ಲಿಷು. ನಮ್ಮ ಪಕ್ಕದ ಬೀದೀಲೂ ಆಗುತ್ತೆ ಅನ್ನೋದು ಅವಳ ತಲೇಲೇ ಇಲ್ಲ. ನಂದ್ರಲ್ಲೂ ಇರಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಆಮೇಲೆ ಸಿಕ್ಕಿದ್ದು ಕೆರೆ ಕಥೆ, ಇದನ್ನ ಮಾತ್ರ ನೀವು ಪೂರ್ತಿ ಓದಬೇಕು. ಮೇಖ್ರಿ ಸರ್ಕಲ್ ಹತ್ರ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆಯಲ್ಲ, ಸಿ ವಿ ರಾಮನ್ ಅವರು ಕಟ್ಟಿದ್ದು, ನೀವು ಏರ್‌ಪೋರ್ಟಿಗೆ ಹೋಗುವಾಗೆಲ್ಲ ಅದರ ಹತ್ರಾನೇ ಹೋಗ್ತೀರ. ವಿಶ್ವದಲ್ಲಿ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಒಂದು ರೇಡಿಯೋ ಸಿಗ್ನಲ್ ಇನ್ನೂ ಆಕಾಶದಲ್ಲಿ ಇರಬೇಕು ಅಂತ ಲೆಕ್ಕ, ಹೈಡ್ರೋಜನ್ ಅನಿಲದ್ದು, ಸಾವಿರದ ಮುನ್ನೂರು ಕೋಟಿಗೂ ಹೆಚ್ಚು ವರ್ಷದ ಹಿಂದೆ ಹೊರಟಿದ್ದು ಎಳೆದು ಎಳೆದು ಉದ್ದವಾಗಿ ಈಗ ನಮ್ಮ ಎಫ್‌ಎಂ ರೇಡಿಯೋ ಆಸುಪಾಸಿನ ಫ್ರೀಕ್ವೆನ್ಸೀಲಿ ಬರುತ್ತೆ. 2018ರಲ್ಲಿ ಅಮೆರಿಕಾದ ಒಂದು ತಂಡ, ಆಸ್ಟ್ರೇಲಿಯಾದ ಮರುಭೂಮೀಲಿ ಆಂಟೆನಾ ಇಟ್ಟು, ಸಿಕ್ತು ಅಂತು. ಅಂದುಕೊಂಡಿದ್ದಕ್ಕಿಂತ ಎಷ್ಟೋ ಸ್ಟ್ರಾಂಗ್ ಸಿಗ್ನಲ್. ಪ್ರಪಂಚದ ತುಂಬ ಗಲಾಟೆ, ಭೌತಶಾಸ್ತ್ರಾನೇ ಹೊಸದಾಗಿ ಬರೀಬೇಕು ಅನ್ನೋ ಮಟ್ಟಕ್ಕೆ.

ನಮ್ಮವರು ಏನ್ ಮಾಡಿದ್ರು ಗೊತ್ತಾ? ನೆಲದ ಮೇಲೆ ಆಂಟೆನಾ ಇಟ್ರೆ ಕೆಳಗಿನ ಮಣ್ಣು ಒಂದೊಂದು ಕಡೆ ಒಂದೊಂದು ಥರ, ಕಲ್ಲು, ತೇವ, ಪದರ, ಅದೆಲ್ಲಾ ಸೇರ್ಕೊಂಡು ಲೆಕ್ಕ ಕೆಡಿಸುತ್ತೆ, ನೀರಾದ್ರೆ ಎಲ್ಲಾ ಕಡೆ ಒಂದೇ ಸಮ ಅಂತ, ಆಂಟೆನಾನ ತೆಪ್ಪದ ಮೇಲೆ ಇಟ್ಟು ನೀರಿಗೆ ಬಿಟ್ರು. 2020ರಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೇಲಿ, ಆಮೇಲೆ ಶರಾವತಿ ಹಿನ್ನೀರಲ್ಲಿ. ಆ ಉಪಕರಣದ ಹೆಸರು ಸಾರಸ್ ಅಂತ, ನೀರಲ್ಲಿ ನಿಲ್ಲೋ ಹಕ್ಕಿ ಹೆಸರು, ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ. ಎಲ್ಲಾ ಅಳೆದು ನೋಡಿದ್ರೆ ಅಮೆರಿಕಾದವರು ಹೇಳಿದ ಸಿಗ್ನಲ್ ಕಾಣಿಸಲೇ ಇಲ್ಲ. 2022ರ ಫೆಬ್ರವರಿ 28ಕ್ಕೆ ಅದು ನೇಚರ್ ಆಸ್ಟ್ರಾನಮಿ ಪತ್ರಿಕೇಲಿ ಬಂತು, ಅದೇ ದಿನ ರಾಷ್ಟ್ರೀಯ ವಿಜ್ಞಾನ ದಿನ, ರಾಮನ್ ಎಫೆಕ್ಟ್ ಸಿಕ್ಕಿದ್ದು 1928ರಲ್ಲಿ ಅದೇ ತಾರೀಖು. ನಮ್ಮೂರಿಂದ ಎರಡು ಗಂಟೆ ದಾರಿಯ ಒಂದು ಕೆರೆ, ವಿಶ್ವದ ಹುಟ್ಟಿನ ವಿಷಯದಲ್ಲಿ ಪ್ರಪಂಚಕ್ಕೇ "ಇನ್ನೊಂದ್ಸಲ ನೋಡ್ರಪ್ಪಾ" ಅಂತು! ಯಾವ ಸರ್ಕಲಲ್ಲೂ ಒಂದು ಬ್ಯಾನರ್ ಬರಲಿಲ್ಲ.

ಹುಡುಗಿ ಕೇಳಿದ್ಲು, "ಅಷ್ಟು ದೂರ ಯಾಕೆ ಹೋದ್ರು ಆಂಟಿ, ನಮ್ಮ ಕೆರೇಲೇ ಬಿಡಬಹುದಿತ್ತಲ್ವಾ?" ನಾನು ಸಿಟೀಲಿ ಎಫ್‌ಎಂ, ಮೊಬೈಲು ಎಲ್ಲಾ ಸೇರಿ ರೇಡಿಯೋ ಗಲಾಟೆ ಜಾಸ್ತಿ ಕಣೇ ಅಂದೆ. ಅದು ನಿಜಾನೇ. ನಮ್ಮ ಕೆರೆ ನೊರೆ ವಿಷಯ ನಾನಾಗಿ ಎತ್ತಲಿಲ್ಲ, ಅವಳೇ ಎತ್ತಿದ್ಲು. ಅದರ ಬಗ್ಗೆ ಇನ್ನೊಂದು ಪತ್ರ ಬರೀತೀನಿ, ಈಗ ಬೇಡ.

ಚಂದ್ರಯಾನ-3 ವಿಷಯ ನಿಮಗೂ ಗೊತ್ತು, 2023ರ ಆಗಸ್ಟ್ 23ಕ್ಕೆ ಇಳೀತು, ನೀವೂ ಸ್ವೀಟ್ ಹಂಚಿದ್ರಿ, ಆ ಬ್ಯಾನರ್ ಕೂಡ ನಂದೇ. ಆದ್ರೆ ಇಳಿದ ಮೇಲೆ ಅದು ಏನು ಕಂಡುಹಿಡೀತು ಅಂತ ಆ ಬ್ಯಾನರ್ ಕೆಳಗೆ ನಿಂತ ಒಬ್ಬರನ್ನ ಕೇಳಿ ನೋಡಿ. ವಿಕ್ರಮ್ ಲ್ಯಾಂಡರಲ್ಲಿ ಚಾಸ್ಟೆ ಅಂತ ಒಂದು ಥರ್ಮಾಮೀಟರ್ ಇತ್ತು, ಚಂದ್ರನ ಮಣ್ಣಿಗೆ ಚುಚ್ಚಿ ನೋಡೋದು. ಮೇಲೆ 82 ಡಿಗ್ರಿವರೆಗೂ ಬಿಸಿ, ಒಂದು ಮೀಟರ್ ಪಕ್ಕದ ಸಮತಟ್ಟು ಜಾಗದಲ್ಲಿ 59 ಡಿಗ್ರಿ ಅಷ್ಟೇ. ಒಂದು ಹೆಜ್ಜೆ ಆ ಕಡೆ ಹೋದ್ರೆ 23 ಡಿಗ್ರಿ ಕಮ್ಮಿ! ಯಾಕೆ ಅಂದ್ರೆ ಥರ್ಮಾಮೀಟರ್ ಚುಚ್ಚಿದ್ದ ಜಾಗ ಸೂರ್ಯನ ಕಡೆ ಬರೀ ಆರು ಡಿಗ್ರಿ ವಾಲಿರೋ ಇಳಿಜಾರು. ಅಷ್ಟು ವಾಲಿದ್ದಕ್ಕೇ ಇಷ್ಟು ವ್ಯತ್ಯಾಸ ಅಂದ್ರೆ ಸೂರ್ಯನಿಗೆ ಬೆನ್ನು ಹಾಕಿರೋ ಇಳಿಜಾರಲ್ಲಿ ಮಣ್ಣಿನ ಕೆಳಗೆ, ಜಾಸ್ತಿ ಆಳ ಇಲ್ಲದೇನೇ, ಐಸ್ ಇರಬಹುದು ಅಂತ 2025ರಲ್ಲಿ ವಿಜ್ಞಾನಿಗಳು ಬರೆದ್ರು. ಇದನ್ನ ಹೇಳ್ತಿದ್ದ ಹಾಗೆ ಹುಡುಗಿ, "ನಮ್ಮನೆ ಶೀಟ್ ಮೇಲೂ ಹಂಗೇ ಆಂಟಿ, ಒಂದ್ ಕಡೆ ಕಾಲಿಡಕ್ಕಾಗಲ್ಲ" ಅಂದ್ಲು. ಅರ್ಥ ಆಯ್ತು ಅಂತ ಆಯ್ತಲ್ಲ.

ಇನ್ನೂ ಇದ್ವು. ಬೆನ್ನು ಅನ್ನೋ ಕ್ಷುದ್ರಗ್ರಹದಿಂದ ನಾಸಾದವರು ತಂದ ಮಣ್ಣು ಬರೀ 121.6 ಗ್ರಾಮ್, ಒಂದು ಪಾವು ತೊಗರಿಬೇಳೆಗೂ ಬರಲ್ಲ, ಅದ್ರಲ್ಲಿ ನಮ್ಮ ಡಿಎನ್ಎ, ಆರ್‌ಎನ್ಎ ಕಟ್ಟೋ ಇಟ್ಟಿಗೆ ಥರದ ಐದೂ ಬೇಸ್‌ಗಳು ಸಿಕ್ಕಿದ್ವು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಂದ್ರೆ ಐಐಎಸ್ಸಿಲಿ, ಮೆದುಳಿನ ಥರ ಕೆಲಸ ಮಾಡೋ ಒಂದು ಸಣ್ಣ ಪದರ ಮಾಡಿದಾರೆ, ಮಾಮೂಲಿ ಕಂಪ್ಯೂಟರಿಗೆ ಸೊನ್ನೆ, ಒಂದು ಅಂತ ಎರಡೇ, ಇದಕ್ಕೆ 16,500 ಸ್ಥಿತಿ. ನನ್ನ ಅಂಗಡಿ ಕಂಪ್ಯೂಟರ್ ನಿಮ್ಮ 34 ಮುಖಕ್ಕೇ ಹ್ಯಾಂಗ್ ಆಗುತ್ತೆ.

ಈಗ ನಮ್ಮ ಏರಿಯಾಗೆ ಸೈನ್ಸ್ ಅಂತ ತಲುಪೋದು ಏನು ಅಂತ ಹೇಳ್ಲಾ? ನಿಮ್ಮ ಕಾರ್ಯಕರ್ತರ ವಾಟ್ಸಾಪ್ ಗ್ರೂಪಲ್ಲಿ ಒಂದಿನ ಬೆಳಗ್ಗೆ ಬಂದಿತ್ತು, ಇವತ್ತು ರಾತ್ರಿ 12:30ರಿಂದ 3:30ರವರೆಗೆ ಕಾಸ್ಮಿಕ್ ಕಿರಣ ಭೂಮಿ ಹತ್ರ ಹೋಗುತ್ತೆ, ಫೋನ್ ಆಫ್ ಮಾಡಿ ದೂರ ಇಡಿ, ನಾಸಾ ಹೇಳಿದೆ ಅಂತ. ಎಷ್ಟೋ ವರ್ಷದಿಂದ ಓಡಾಡ್ತಿರೋ ಸುಳ್ಳು ಅದು ಸಾರ್. ಕಾಸ್ಮಿಕ್ ಕಿರಣ ಹಗಲು ರಾತ್ರಿ ಬೀಳ್ತಾನೇ ಇರುತ್ತೆ, ಫೋನಿಗೆ ಅದಕ್ಕೆ ಸಂಬಂಧಾನೇ ಇಲ್ಲ. ನಮ್ಮತ್ತೆ ಅವತ್ತು ನಿದ್ದೇನೇ ಮಾಡಲಿಲ್ಲ. ಸುಳ್ಳು ಕನ್ನಡದಲ್ಲಿ ನೀಟಾಗಿ ಟೈಪ್ ಆಗಿ ಮನೆ ಬಾಗಿಲಿಗೆ ಬರುತ್ತೆ, ನಿಜ ಮಾತ್ರ ಇಂಗ್ಲಿಷಲ್ಲಿ ಎಲ್ಲೋ ಕೂತಿರುತ್ತೆ, ನಾವೇ ಹುಡುಕ್ಕೊಂಡು ಹೋಗಬೇಕು.

ನಾನು ದೊಡ್ಡದೇನೂ ಕೇಳ್ತಿಲ್ಲ. ಮನೆ ಕಂದಾಯದ ಜೊತೆ 6 ಪರ್ಸೆಂಟ್ ಲೈಬ್ರರಿ ಸೆಸ್ ಕಟ್ತೀವಿ, ನಮ್ಮ ವಾರ್ಡಿನ ಲೈಬ್ರರೀಲಿ ಎರಡು ಟ್ಯೂಬ್‌ಲೈಟಲ್ಲಿ ಒಂದು ಹೋಗಿ ಯಾವ ಕಾಲ ಆಯ್ತೋ. ಅದನ್ನ ಹಾಕಿಸಿ. ಅದರ ಹೊರಗಿನ ಗೋಡೆ ಮೇಲೆ ಒಂದು ಬೋರ್ಡಿಗೆ ಜಾಗ ಕೊಡಿಸಿ, ತಿಂಗಳಿಗೊಂದು ಸೈನ್ಸ್ ಸುದ್ದಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮ್ಯಾಟರ್ ಸರಿ ಇದೆಯಾ ಅಂತ ನೋಡಿಕೊಡೋಕೆ ಒಬ್ಬ ಮೇಷ್ಟ್ರನ್ನ ಒಪ್ಪಿಸಿದೀನಿ, ಟೈಪಿಂಗು ಡಿಸೈನು ನಂದು, ದುಡ್ಡು ಬೇಡ. ವರ್ಷಕ್ಕೆ ಒಂದ್ಸಲ ನಮ್ಮ ಹೈಸ್ಕೂಲ್ ಮಕ್ಕಳಿಗೆ ಎರಡು ಬಸ್ ಮಾಡಿ, ನೆಹರು ತಾರಾಲಯದಲ್ಲಿ ಕನ್ನಡದಲ್ಲೇ ಶೋ ಇರುತ್ತೆ. ಸಮಾವೇಶಕ್ಕೆ ಎಷ್ಟು ಬಸ್ ಹೋಗುತ್ತೆ ಅಂತ ನನಗೆ ಗೊತ್ತು, ಆ ಪಾಂಪ್ಲೆಟ್ ಪ್ರಿಂಟ್ ಆಗೋದೂ ನನ್ನ ಹತ್ರಾನೇ.

ಇನ್ನೊಂದು, ಇದಕ್ಕೆ ಒಂದು ರೂಪಾಯೀನೂ ಬೇಡ. ಬೆಂಗಳೂರಲ್ಲಿ ಏಪ್ರಿಲ್ 24, ಆಗಸ್ಟ್ 18ರ ಸುಮಾರಿಗೆ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಮಧ್ಯಾಹ್ನ 12 ದಾಟಿ ಇಪ್ಪತ್ತು ನಿಮಿಷದ ಹೊತ್ತಿಗೆ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರಲ್ಲ. ಡೆಲ್ಲಿಯವರಿಗೆ ಈ ಭಾಗ್ಯ ಇಲ್ಲ, ಸೂರ್ಯ ಅಷ್ಟು ಉತ್ತರಕ್ಕೆ ಹೋಗಲ್ಲ. ಶೂನ್ಯ ನೆರಳಿನ ದಿನ ಶಾಲೆ ಗ್ರೌಂಡಿಗೆ ಬನ್ನಿ, ಸ್ಟೇಜು, ಹಾರ, ಮೈಕು ಏನೂ ಬೇಡ, ಮಕ್ಕಳ ಜೊತೆ ಒಂದು ಸ್ಟೀಲ್ ಲೋಟ ನೆಲದ ಮೇಲೆ ಇಟ್ಟು ನೋಡಿ. ಮೋಡ ಇದ್ರೆ ಮಾತ್ರ ನನ್ನ ಬೈಬೇಡಿ.

ಮೊದಲ ಬೋರ್ಡಿಗೆ ಕಪ್ಪೇನೇ ಅಂತ ಡಿಸೈಡ್ ಮಾಡಿದೀನಿ, ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಇಟ್ಟಾಯ್ತು, 4 ಅಡಿ ಬೈ 3 ಅಡಿ, ಪ್ಲಾಸ್ಟಿಕ್ ಫ್ಲೆಕ್ಸ್ ಅಲ್ಲ, ಬಟ್ಟೆ ಮೇಲೆ. ಯಾರದೋ ಫೋಟೋ ಕೇಳದೇ ಹಾಕೋದು ಬೇಡ ಅಂತ ಆ ಹುಡುಗೀನೇ ಚಿತ್ರ ಬರೆದುಕೊಟ್ಟಿದಾಳೆ, ಅಣಬೆ ಸ್ವಲ್ಪ ಛತ್ರಿ ಥರ ಆಗಿದೆ, ಪರವಾಗಿಲ್ಲ. ನೀವು ಹೂಂ ಅಂದ್ರೆ ಸಂಜೆಗೆ ಪ್ರಿಂಟ್ ಹಾಕ್ತೀನಿ. ನಿಮ್ಮ ಫೋಟೋ ಬೇಕೇಬೇಕು ಅಂತ ನಿಮ್ಮ ಹುಡುಗರು ಹಟ ಹಿಡಿದ್ರೆ ಮೂಲೇಲಿ ಹಾಕೋಣ, ಆದ್ರೆ ಕಪ್ಪೆಗಿಂತ ದೊಡ್ಡದು ಮಾಡಲ್ಲ ಸಾರ್.

ಇಂತಿ,
ಬಸ್ ಸ್ಟಾಪ್ ಹಿಂದಿನ ಜೆರಾಕ್ಸ್ ಅಂಗಡಿಯವಳು